ಮಗು ಮತ್ತು ಕಾಡು-ಕಡಲಿನ ನಂಟನ್ನು ಅಳೆಯುವುದು ಹೇಗೆ: ಉತ್ತರ ಕನ್ನಡದ ಶಾಲೆಗಳಿಗೆ ಸಮಗ್ರ ಮಾರ್ಗದರ್ಶಿ

ಯಾಣಕ್ಕೋ ಸಹಸ್ರಲಿಂಗಕ್ಕೋ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು, ವಾಪಸು ಬರುವಾಗ "ಖುಷಿ ಆಯ್ತಾ?" ಎಂದು ಕೇಳಿದರೆ ಐವತ್ತೂ ಕೈ ಮೇಲೇಳುತ್ತವೆ. ಪರಿಸರ ಶಿಕ್ಷಣದ ಎಷ್ಟೋ ವರದಿಗಳು ನಿಂತಿರುವುದು ಈ ಐವತ್ತು ಕೈಗಳ ಮೇಲೆ. ಆ ಸಂಜೆಯ ಖುಷಿ ಸುಳ್ಳಲ್ಲ. ಆದರೆ ಮೂರು ತಿಂಗಳ ಮೇಲೆ ಅದೇ ಮಗು ಮನೆ ಹಿಂದಿನ ಹೊಳೆಯನ್ನು ಬೇರೆ ಕಣ್ಣಿನಿಂದ ನೋಡುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಕೆಲವು ವಾರ ಕಳೆದು ಮತ್ತೊಮ್ಮೆ ಅಳೆಯಬೇಕು; ಕಾರ್ಯಕ್ರಮ ನಡೆಯದ ಇನ್ನೊಂದು ಶಾಲೆಯಲ್ಲೂ ಅದೇ ಮೂರು ಸಲ ಅಳೆಯಬೇಕು. ಹೈಸ್ಕೂಲು ಶಿಕ್ಷಕರು, ಬಿ.ಎಡ್. ಅಥವಾ ಎಂ.ಎಸ್ಸಿ. ವಿದ್ಯಾರ್ಥಿಗಳು ಒಂದು ಶಾಲಾ ವರ್ಷದಲ್ಲಿ ಮುಗಿಸಬಹುದಾದ ಕೆಲಸ ಇದು.

ಹಿನ್ನೆಲೆ ಎರಡೇ ಮಾತು. 1977ರಲ್ಲಿ ಯುನೆಸ್ಕೋ ನಡೆಸಿದ ಟ್ಬಿಲಿಸಿ ಸಮ್ಮೇಳನ ಪರಿಸರ ಶಿಕ್ಷಣಕ್ಕೆ ಅರಿವು, ಜ್ಞಾನ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ ಎಂಬ ಐದು ಗುರಿ ಇಟ್ಟಿತು. ನಮ್ಮಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕು ಎಂದಿತು. ಶಾಲೆಗೆ ಬಂದು ಮುಟ್ಟುವಾಗ ಐದರಲ್ಲಿ ಉಳಿದದ್ದು ಜ್ಞಾನ ಒಂದೇ. ಅಂಕ ಹಾಕಲು ಬರುವುದು ಅದಕ್ಕೆ ಮಾತ್ರ. 2017ರಲ್ಲಿ ಇಂಗ್ಲೆಂಡಿನ ಡರ್ಬಿ ವಿಶ್ವವಿದ್ಯಾಲಯದ ತಂಡವೊಂದು ಪ್ರಕೃತಿಯ ನಂಟು ಬೆಳೆಯುವ ಐದು ದಾರಿಗಳನ್ನು ಗುರುತಿಸಿತು: ಇಂದ್ರಿಯಗಳ ಸಂಪರ್ಕ, ಭಾವನೆ, ಸೌಂದರ್ಯ, ಅರ್ಥ, ಕರುಣೆ. ಹೆಸರು ಕಲಿಯುವುದು ಆ ಪಟ್ಟಿಯಲ್ಲಿ ಇಲ್ಲ. ಹಾಗೆಂದು ಹೆಸರು ಹೇಳಿಕೊಡಬೇಡಿ ಎಂದಲ್ಲ. ಮತ್ತಿ, ಹೊನ್ನೆ, ಉಪ್ಪಾಗೆ ಗೊತ್ತಿರುವ ಮಗುವಿಗೆ ಮಾತಾಡಲು ಏನಾದರೂ ಇರುತ್ತದೆ. ಇಪ್ಪತ್ತು ಹೆಸರು ಬರೆದ ಮಗುವಿಗೆ ನಂಟು ಬೆಳೆಯಿತು ಎಂದು ವರದಿ ಬರೆಯಬೇಡಿ, ಅಷ್ಟೆ.

ಈ ಜಿಲ್ಲೆಗೆ ಇನ್ನೊಂದು ಎಚ್ಚರಿಕೆ ಬೇಕು. ವಿದೇಶದ ಹೆಚ್ಚಿನ ಅಳತೆಪಟ್ಟಿಗಳು ಪ್ರಕೃತಿ ಎಂದರೆ ರಜೆಯಲ್ಲಿ ಹೋಗುವ ಜಾಗ ಎಂದುಕೊಂಡಿವೆ. ಅಘನಾಶಿನಿಯ ಅಳಿವೆಯಲ್ಲಿ ಅಮ್ಮನ ಜೊತೆ ಬಳಚು (ಚಿಪ್ಪುಜೀವಿ) ಆರಿಸುವ ಮಗುವಿಗೆ, ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ದರಕು, ಅಂದರೆ ಒಣ ಎಲೆ, ಗುಡಿಸುವ ಮಗುವಿಗೆ ಅದು ಕೆಲಸದ ಜಾಗ. "ಬಿಡುವಿನಲ್ಲಿ ಪ್ರಕೃತಿಯ ಮಡಿಲಿಗೆ ಹೋಗುತ್ತೇನೆ" ಎಂಬ ವಾಕ್ಯಕ್ಕೆ ಆ ಮಗು "ಇಲ್ಲ" ಎನ್ನುತ್ತದೆ, ಬೆಂಗಳೂರಿನಿಂದ ರಜೆಗೆ ಬಂದ ಅದರ ಸೋದರಸಂಬಂಧಿ "ಹೌದು" ಎನ್ನುತ್ತದೆ, ನಿಮ್ಮ ಕೋಷ್ಟಕದಲ್ಲಿ ನಂಟು ಇರುವವರು ಇಲ್ಲದವರಾಗುತ್ತಾರೆ. ಮುಂದಿನ ಹಂತಗಳ ಬಹುಪಾಲು ಈ ತಪ್ಪನ್ನು ತಪ್ಪಿಸುವುದಕ್ಕೇ ಇವೆ.

ಹಂತ 1: ಪ್ರಶ್ನೆ ಮತ್ತು ತರಗತಿ

ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಉದಾಹರಣೆಗೆ: "ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದೇ ಜಾಗಕ್ಕೆ ಎಂಟು ವಾರ ಹೋದ ಎಂಟನೇ ತರಗತಿ ಮಕ್ಕಳ ನಂಟು, ಹೋಗದವರಿಗಿಂತ ಹೆಚ್ಚುತ್ತದೆಯೇ, ಹತ್ತು ವಾರದ ಮೇಲೂ ಉಳಿಯುತ್ತದೆಯೇ?"

ಎಂಟನೇ ತರಗತಿಯೇ ಏಕೆ ಎಂದರೆ, ಹೋಲಿಕೆಗೆ ತೆಗೆದುಕೊಂಡ ಶಾಲೆಗೂ ಮುಂದಿನ ವರ್ಷ ಇದೇ ಕಾರ್ಯಕ್ರಮ ಕೊಡಬೇಕು. ಎಂಟನೆಯವರು ಆಗ ಒಂಬತ್ತರಲ್ಲಿ ಅಲ್ಲೇ ಸಿಗುತ್ತಾರೆ. ಏಳನೆಯವರನ್ನು ಹಿಡಿದರೆ ಅವರು ಚದುರಿ ಬೇರೆ ಬೇರೆ ಹೈಸ್ಕೂಲು ಸೇರಿರುತ್ತಾರೆ. ಹತ್ತನೆಯವರನ್ನು ಕೇಳಲೇಬೇಡಿ, ಮುಖ್ಯಶಿಕ್ಷಕರು ಬಿಡುವುದೂ ಇಲ್ಲ.

ಹಂತ 2: ಕ್ಯಾಲೆಂಡರ್

ಇಲ್ಲಿ ತಪ್ಪಿದರೆ ಮುಂದೆ ಸರಿಪಡಿಸಲಾಗದು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ ಯಾವಾಗ ಬರುತ್ತದೋ ಹೇಳಲಾಗದು. ಆ ತಿಂಗಳುಗಳನ್ನು ಅನುಮತಿಗೆ, ಪ್ರಶ್ನಾವಳಿ ತಿದ್ದಲು ಇಟ್ಟುಕೊಳ್ಳಿ.

ಘಟ್ಟದ ಮೇಲೆ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ, ಸೆಪ್ಟೆಂಬರ್ ಮೊದಲ ವಾರ ಶುರು ಮಾಡಿ, ದಸರಾ ರಜೆ ಕಳೆದು, ನವೆಂಬರ್ ಮೂರನೇ ವಾರದೊಳಗೆ ಮುಗಿಸಿ. ಕಾರಣ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗಿನಿಂದ ಹರಡುತ್ತದೆ. ಒಣಗಿದ ದರಕಿನಲ್ಲಿ ಮರಿ ಉಣುಗು ಹೆಚ್ಚುವುದು ಸುಮಾರಾಗಿ ಡಿಸೆಂಬರ್‌ನಿಂದ ಮೇವರೆಗೆ. ಮಕ್ಕಳನ್ನು ಮರದಡಿ ಸುಮ್ಮನೆ ಕೂರಿಸುವ ಕಾರ್ಯಕ್ರಮಕ್ಕೆ ಅದಕ್ಕಿಂತ ಕೆಟ್ಟ ಕಾಲ ಇಲ್ಲ. ಸೆಪ್ಟೆಂಬರ್‌ನಲ್ಲಿ ಉಂಬಳ ಕಾಟ ಇರುತ್ತದೆ, ಅದನ್ನು ಉಪ್ಪಿನ ಬಟ್ಟೆಯಿಂದಲೋ ಸುಣ್ಣದಿಂದಲೋ ನಿಭಾಯಿಸಬಹುದು. ಉಣುಗಿನ ಜೊತೆ ಜೂಜಾಡಬಾರದು. ಸುತ್ತಮುತ್ತ ಮಂಗ ಸತ್ತ ಸುದ್ದಿ ಬಂದರೆ ಯಾವ ತಿಂಗಳೇ ಇರಲಿ, ಹೊರಗಿನ ತರಗತಿ ನಿಲ್ಲಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕರಾವಳಿಯಲ್ಲಿ ದಸರಾ ರಜೆ ಮುಗಿದ ಮೇಲೆ ಆರಂಭಿಸಿ ಡಿಸೆಂಬರ್ ಮೂರನೇ ವಾರ ಮುಗಿಸಿ. ಹತ್ತು ವಾರದ ಮೇಲಿನ ಮೂರನೇ ಅಳತೆ ಆಗ ಮಾರ್ಚ್ ಮೊದಲ ವಾರಕ್ಕೆ ಬರುತ್ತದೆ, ಪರೀಕ್ಷೆಯ ಗಡಿಬಿಡಿಗೆ ಸ್ವಲ್ಪ ಮುಂಚೆ.

ಉಬ್ಬರವಿಳಿತದ ಲೆಕ್ಕ ಶಾಲೆಯ ವೇಳಾಪಟ್ಟಿಗೆ ಕೂರುವುದಿಲ್ಲ, ಇದು ಎಲ್ಲರೂ ಎಡವುವ ಕಡೆ. ಇಳಿತದ ಹೊತ್ತು ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ 350 ನಿಮಿಷ, ಹತ್ತಿರ ಹತ್ತಿರ ಆರು ತಾಸು. ಅಂದರೆ ಈ ಶನಿವಾರ ಬೆಳಿಗ್ಗೆ 10ಕ್ಕೆ ನೀರು ಪೂರ್ತಿ ಇಳಿದಿದ್ದರೆ, ಮುಂದಿನ ಶನಿವಾರ ಅದೇ ಹೊತ್ತಿಗೆ ನೀರು ಪೂರ್ತಿ ಏರಿರುತ್ತದೆ. "ಪ್ರತಿ ಶನಿವಾರ ಏಡಿ ನೋಡುವುದು" ಎಂದು ಬರೆದರೆ ಎರಡನೇ ವಾರವೇ ಮಕ್ಕಳು ದಂಡೆಯ ಮೇಲೆ ನಿಂತು ನೀರು ನೋಡಬೇಕಾಗುತ್ತದೆ. ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿ ಇಟ್ಟುಕೊಂಡು ಕೆಸರಿನ ಕೆಲಸವನ್ನು ವಾರ ಬಿಟ್ಟು ವಾರ ಹಾಕಿ. ನಡುವಿನ ವಾರಗಳಲ್ಲಿ ದಂಡೆಯ ಮರ, ಹಕ್ಕಿ, ಶಬ್ದ. ಶಾಲೆ ಅಳಿವೆಯಿಂದ ಒಳಗೆ ಇದ್ದಷ್ಟೂ ನೀರು ತಡವಾಗಿ ಏರಿಳಿಯುತ್ತದೆ. ಆ ವ್ಯತ್ಯಾಸ ಎಷ್ಟೆಂದು ಊರಿನ ಮೀನುಗಾರರು ಬಾಯಲ್ಲೇ ಹೇಳುತ್ತಾರೆ. ಕೊಂಕಣಿ ಮನೆಮಾತಿನವರನ್ನು ಕೇಳುವುದಾದರೆ ಭರ್ತಿ, ಸುಕ್ತಿ ಎಂದೇ ಕೇಳಿ.

ಹಂತ 3: ಅನುಮತಿ

ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಒಂದು. ಘಟ್ಟದ ಮೇಲಿನ ತಾಲೂಕುಗಳು ಶಿರಸಿಗೆ. ಒಂದು ಶಾಲೆ ಕುಮಟಾದಲ್ಲಿ, ಇನ್ನೊಂದು ಸಿದ್ದಾಪುರದಲ್ಲಿ ಎಂದಾದರೆ ಎರಡು ಉಪನಿರ್ದೇಶಕರ ಕಚೇರಿಗೆ ಅರ್ಜಿ. ಜೊತೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಮುಖ್ಯಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ). ಜಾಗ ಅರಣ್ಯ ಇಲಾಖೆಯದಾದರೆ ವಲಯ ಅರಣ್ಯಾಧಿಕಾರಿಗೂ ಪತ್ರ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೂ ಇದು ಅನ್ವಯ.

ಪಾಲಕರ ಒಪ್ಪಿಗೆ ಪತ್ರ ಒಂದೇ ಪುಟ ಇರಲಿ, ಪಾಲಕರ ಸಭೆಯಲ್ಲಿ ಓದಿ ಹೇಳಿ. ಮಗುವನ್ನೂ ಕೇಳಿ: "ಈ ಪ್ರಶ್ನೆಗೆ ಅಂಕ ಇಲ್ಲ, ಬೇಡ ಅಂದರೆ ಬಿಡಬಹುದು." ಬೇಡವೆಂದ ಮಗುವೂ ತಿರುಗಾಟಕ್ಕೆ ಬರಲಿ, ಪ್ರಶ್ನಾವಳಿ ತುಂಬುವುದು ಬೇಡ.

ಹಂತ 4: ಎಷ್ಟು ಮಕ್ಕಳು?

ಅರ್ಧ ಮಾನಕ ವಿಚಲನೆಯಷ್ಟು (ಮಾನಕ ವಿಚಲನೆ ಎಂದರೆ ಅಂಕಗಳು ಸರಾಸರಿಯಿಂದ ಚದುರುವ ಅಳತೆ) ಬದಲಾವಣೆಯನ್ನು 80 ಶೇಕಡಾ ಖಾತ್ರಿಯಲ್ಲಿ, 5 ಶೇಕಡಾ ಮಟ್ಟದಲ್ಲಿ (ಇಲ್ಲದ ಬದಲಾವಣೆಯನ್ನು ಇದೆ ಎನ್ನುವ ತಪ್ಪಿನ ಮಿತಿ) ಹಿಡಿಯಬೇಕಾದರೆ, ಒಂದೇ ಗುಂಪಿನ ಮೊದಲು-ಆಮೇಲೆ ಹೋಲಿಕೆಗೆ 34 ಮಕ್ಕಳು ಸಾಕು. ಎರಡು ಪ್ರತ್ಯೇಕ ಗುಂಪಿನ ಹೋಲಿಕೆಗೆ ತಲಾ 64. ಗೈರುಹಾಜರಿಗೆ ಐದರಲ್ಲೊಂದು ಪಾಲು ಕಳೆದುಹೋಗುತ್ತದೆ ಎಂದುಕೊಂಡರೆ 34ರ ಜಾಗದಲ್ಲಿ 43, 64ರ ಜಾಗದಲ್ಲಿ 80.

ಒಂದು ಮಾತು ಬಿಡುವ ಹಾಗಿಲ್ಲ. ಒಂದೇ ಶಾಲೆಯ ಮಕ್ಕಳು ಒಬ್ಬರಂತೆ ಒಬ್ಬರು ಇರುತ್ತಾರೆ, ಒಬ್ಬರೇ ಮೇಷ್ಟ್ರು, ಒಂದೇ ಊರು. 30 ಮಕ್ಕಳ ತರಗತಿಯಲ್ಲಿ ಈ ಒಳಸಾಮ್ಯ 0.05 ಇದ್ದರೂ ಬೇಕಾದ ಸಂಖ್ಯೆಯನ್ನು 2.45ರಿಂದ ಗುಣಿಸಬೇಕು: 1 + (29 × 0.05). 64 ಇದ್ದದ್ದು 157 ಆಗುತ್ತದೆ. ಎರಡೇ ಶಾಲೆಯ ಅಧ್ಯಯನದಲ್ಲಿ ಕಾರ್ಯಕ್ರಮದ ಪರಿಣಾಮವನ್ನೂ ಒಳ್ಳೆಯ ಶಿಕ್ಷಕಿಯ ಪರಿಣಾಮವನ್ನೂ ಬೇರ್ಪಡಿಸಲು ಬರುವುದೇ ಇಲ್ಲ. ಶಾಲೆಗೆ 20 ಮಕ್ಕಳಂತೆ ಎಂಟು ಶಾಲೆ ಸಿಕ್ಕರೆ, ಎರಡು ದೊಡ್ಡ ಶಾಲೆಗಿಂತ ಅದೇ ಮೇಲು. ಎರಡೇ ಸಿಕ್ಕಿದರೆ ಮಾಡಿ, ಆದರೆ ಶೀರ್ಷಿಕೆಯಲ್ಲಿ "ಉತ್ತರ ಕನ್ನಡ ಜಿಲ್ಲೆಯ ಮಕ್ಕಳು" ಎಂದು ಬರೆಯಬೇಡಿ.

ಹಂತ 5: ಪ್ರಶ್ನಾವಳಿ

ಮೂರು ಭಾಗ ಇರಲಿ, ಒಟ್ಟು 15 ನಿಮಿಷ ಮೀರಬಾರದು.

ಮೊದಲನೆಯದು ವೃತ್ತಗಳ ಚಿತ್ರ. 2002ರಲ್ಲಿ ಶುಲ್ಟ್ಸ್ ಎಂಬ ಮನಶ್ಶಾಸ್ತ್ರಜ್ಞ ರೂಪಿಸಿದ ಅಳತೆ: "ನಾನು", "ಪ್ರಕೃತಿ" ಎಂದು ಬರೆದ ಎರಡು ವೃತ್ತಗಳ ಏಳು ಜೋಡಿ. ಮೊದಲ ಜೋಡಿ ಬೇರೆ ಬೇರೆ, ಏಳನೆಯದು ಹೆಚ್ಚುಕಡಿಮೆ ಒಂದರ ಮೇಲೊಂದು. ಮಗು ತನಗೆ ಸರಿಯೆನಿಸಿದ್ದಕ್ಕೆ ಗುರುತು ಹಾಕುತ್ತದೆ. ಓದಲು ತಡವರಿಸುವ ಮಗುವಿಗೂ ಆಗುತ್ತದೆ. ಆದರೆ ಮೊದಲು "ನಾನು, ನನ್ನ ಗೆಳತಿ" ಎಂದು ಒಂದು ಅಭ್ಯಾಸ ಮಾಡಿಸದಿದ್ದರೆ, ಚೆಂದ ಕಂಡ ಚಿತ್ರಕ್ಕೆ ಗುರುತು ಹಾಕಿಬಿಡುತ್ತಾರೆ.

ಎರಡನೆಯದು ಆರು ವಾಕ್ಯ. ನಿಸ್ಬೆಟ್ ಮತ್ತು ಜೆಲೆನ್ಸ್ಕಿ ಅವರ ಆರು ವಾಕ್ಯದ ಪಟ್ಟಿ 2013ರಿಂದ ಬಳಕೆಯಲ್ಲಿದೆ. ಅದನ್ನೇ ಅನುವಾದಿಸಿದರೆ ಬೇರೆ ದೇಶಗಳ ಅಂಕಗಳ ಪಕ್ಕ ಇಡಬಹುದು. ನಿಮ್ಮದೇ ವಾಕ್ಯ ಬರೆದರೆ ಆ ಹೋಲಿಕೆ ಹೋಗುತ್ತದೆ, ಮಕ್ಕಳಿಗೆ ಅರ್ಥವಾಗುವುದು ಹೆಚ್ಚುತ್ತದೆ. ಶಾಲೆಯ ಕಾರ್ಯಕ್ರಮಕ್ಕೆ ಎರಡನೆಯದೇ ಒಳ್ಳೆಯದು. ಬಳಸಬಹುದಾದ ಆರು:

"ಶಾಲೆಗೆ ಬರುವ ದಾರಿಯಲ್ಲಿ ಹಕ್ಕಿ, ಹುಳ, ಹೂವು ಕಂಡರೆ ನಿಂತು ನೋಡುತ್ತೇನೆ."
"ಮಳೆ, ಹೊಳೆ, ಕಡಲಿನ ಶಬ್ದ ಕೇಳುತ್ತ ಸುಮ್ಮನೆ ಕೂರುವುದು ನನಗೆ ಇಷ್ಟ."
"ನನಗೆ ಗೊತ್ತಿರುವ ಮರವನ್ನು ಕಡಿದರೆ ಮನಸ್ಸಿಗೆ ನೋವಾಗುತ್ತದೆ."
"ನಾನೂ ಈ ಕಾಡು, ಹೊಳೆ, ಕಡಲಿಗೆ ಸೇರಿದ್ದೇನೆ."
"ತೋಟ, ಗದ್ದೆ, ಹೊಳೆ, ಕಡಲಿನ ಕೆಲಸಕ್ಕೆ ಹೋದಾಗ ಅಲ್ಲಿನ ಜೀವಿಗಳನ್ನು ಗಮನಿಸುತ್ತೇನೆ."
"ಗಿಡ, ಪ್ರಾಣಿಗೆ ತೊಂದರೆಯಾದರೆ ನನ್ನ ಕೈಲಾದದ್ದು ಮಾಡುತ್ತೇನೆ."

ಉತ್ತರಕ್ಕೆ ಐದು ಲೋಟದ ಚಿತ್ರ: ಖಾಲಿ, ಕಾಲು, ಅರ್ಧ, ಮುಕ್ಕಾಲು, ತುಂಬಿದ್ದು. "ಸಂಪೂರ್ಣವಾಗಿ ಒಪ್ಪುತ್ತೇನೆ, ಭಾಗಶಃ ಒಪ್ಪುತ್ತೇನೆ" ಎಂಬ ಕಚೇರಿ ಭಾಷೆಗಿಂತ ಮಕ್ಕಳು ಲೋಟವನ್ನು ಸರಿಯಾಗಿ ಓದುತ್ತಾರೆ.

ಭಾಷೆಯಲ್ಲಿ ಕೈಕೊಡುವ ಕೆಲವು ಜಾಗಗಳಿವೆ. ನಕಾರದ ವಾಕ್ಯ ಬೇಡ: "ಕಾಡು ನನಗೆ ಇಷ್ಟವಿಲ್ಲ" ಎಂಬುದಕ್ಕೆ "ಇಲ್ಲ" ಎಂದ ಮಗು ಇಷ್ಟ ಇಲ್ಲ ಎಂದಿತೋ, ಹಾಗೇನಿಲ್ಲ ಎಂದಿತೋ ದೇವರಿಗೇ ಗೊತ್ತು. "ಸೇರಿದವನು/ಳು" ಎಂದು ಗೀಟು ಹಾಕಬೇಡಿ. "ಸೇರಿದ್ದೇನೆ" ಎಂದರೆ ಹುಡುಗ ಹುಡುಗಿ ಇಬ್ಬರಿಗೂ ಸಲ್ಲುತ್ತದೆ. "ಪರಿಸರ" ಎಂಬ ಪದ ಶಾಲೆಯಲ್ಲಿ ಪ್ಲಾಸ್ಟಿಕ್ ಹೆಕ್ಕುವುದಕ್ಕೂ ಜೂನ್ 5ರ ಭಾಷಣಕ್ಕೂ ಅಂಟಿಕೊಂಡಿದೆ. ಅದನ್ನು ಬಳಸಿದರೆ ಸ್ವಚ್ಛತೆಯ ಉತ್ತರ ಬರುತ್ತದೆ. "ಬೆಟ್ಟ" ಶಿರಸಿಯಲ್ಲಿ ಸೊಪ್ಪು ತರುವ ಜಾಗ, ಕಾರವಾರದಲ್ಲಿ ಗುಡ್ಡ. ಎರಡೂ ಕಡೆ ಒಂದೇ ಹಾಳೆ ಹಂಚುವುದಾದರೆ ಆ ಪದ ತೆಗೆಯಿರಿ.

ಹಾಳೆ ಅಚ್ಚು ಹಾಕುವ ಮುನ್ನ ಆರೆಂಟು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, "ಇದನ್ನ ನಿನ್ನ ಮಾತಲ್ಲಿ ಹೇಳು" ಎನ್ನಿ. ಕೊಂಕಣಿ, ಮರಾಠಿ, ಉರ್ದು ಮನೆಮಾತಿನವರೂ ಹಾಲಕ್ಕಿ, ಸಿದ್ದಿ, ಗೌಳಿ ಮನೆಯ ಮಕ್ಕಳೂ ಅದರಲ್ಲಿರಲಿ. ಇಬ್ಬರು ಎಡವಿದ ವಾಕ್ಯವನ್ನು ಬದಲಿಸಿ.

ಮೂರನೆಯದು ಕಳೆದ ಏಳು ದಿನದ ಲೆಕ್ಕ: ಎಷ್ಟು ದಿನ ಹತ್ತು ನಿಮಿಷವಾದರೂ ಹೊರಗೆ ಸುಮ್ಮನೆ ಕೂತೆ, ಎಷ್ಟು ದಿನ ಹಕ್ಕಿ ಕೂಗನ್ನು ಗಮನಿಸಿ ಕೇಳಿದೆ, ಎಷ್ಟು ದಿನ ಗಿಡಮರದ ಬಗ್ಗೆ ಮನೆಯಲ್ಲಿ ಮಾತಾಡಿದೆ. 0ರಿಂದ 7. ಇದು ಬೇಕೇ ಬೇಕು, ಏಕೆಂದರೆ ನಮ್ಮ ಮಕ್ಕಳು ಲೋಟದ ಪ್ರಶ್ನೆಗೆ ಮೊದಲ ದಿನವೇ ತುಂಬಿದ ಲೋಟ ತೋರಿಸಿಬಿಡುತ್ತಾರೆ. ಆಮೇಲೆ ಏರಲು ಜಾಗವೇ ಇರುವುದಿಲ್ಲ.

ಹಾಳೆ ತುಂಬಿಸುವಾಗ ತರಗತಿ ಶಿಕ್ಷಕರು ಕೋಣೆಯಲ್ಲಿ ಇರಬಾರದು. ಪ್ರತಿ ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ. ಹೆಸರಿನ ಬದಲು ಸಂಖ್ಯೆ ಕೊಟ್ಟು, ಹೆಸರು-ಸಂಖ್ಯೆಯ ಪಟ್ಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಮುಖ್ಯಶಿಕ್ಷಕರ ಬಳಿ ಇಡಿ. ಗುಟ್ಟಿನ ಸಂಖ್ಯೆ ನೆನಪಿಟ್ಟುಕೊಳ್ಳಿ ಎಂದರೆ ಮೂರನೇ ಅಳತೆಯ ಹೊತ್ತಿಗೆ ಅನೇಕರು ಮರೆತಿರುತ್ತಾರೆ. ಎರಡನೇ ಅಳತೆಯನ್ನು ಕೊನೆಯ ತಿರುಗಾಟದ ದಿನವೇ ಮಾಡಬೇಡಿ, ಮೂರರಿಂದ ಏಳು ದಿನ ಬಿಡಿ. ಇಲ್ಲದಿದ್ದರೆ ಮತ್ತೆ ಬಸ್ಸಿನ ಐವತ್ತು ಕೈಗಳೇ.

ಹಂತ 6: ಎಂಟು ವಾರ

ಜಾಗ ಶಾಲೆಯಿಂದ ಹತ್ತು ನಿಮಿಷದ ನಡಿಗೆಯೊಳಗೆ ಇರಲಿ. ಕೆರೆ ದಂಡೆ, ದೇವಸ್ಥಾನದ ಬನ, ಕಾಂಡ್ಲಾ ಬೆಳೆದ ಕೋಡಿ, ಶಾಲೆಯ ಹಿಂದಿನ ಬೇಣ (ಹುಲ್ಲುಗಾವಲು), ಯಾವುದಾದರೂ ಸರಿ. ಸುಂದರ ಜಾಗ ಹುಡುಕಬೇಡಿ. ಮಗು ಆಮೇಲೆ ತಾನಾಗಿ ಹೋಗಬಲ್ಲ ಜಾಗ ಮುಖ್ಯ. ವಾರಕ್ಕೊಮ್ಮೆ 80 ನಿಮಿಷ, ಎರಡು ಪೀರಿಯಡ್. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ನೀರಿನ ಬಳಿ ಐದಕ್ಕೊಬ್ಬರು.

40 ಮಕ್ಕಳಿಗೆ ಬೇಕಾದದ್ದು: ಅಂಗೈ ಅಗಲದ 40 ರಟ್ಟು, ಪೆನ್ಸಿಲ್ (ಒದ್ದೆಗೆ ಪೆನ್ನು ಓಡುವುದಿಲ್ಲ), ಮೀಟರಿಗೊಂದು ಗಂಟು ಹಾಕಿದ 4 ಮೀಟರ್ ಕಾಯರ್ ಹಗ್ಗ ಹತ್ತು, ಬಿದಿರು ಗೂಟ ನಲವತ್ತು, ದರ್ಜಿಯ ಟೇಪು ಹತ್ತು, 137 ಸೆಂ.ಮೀ. ಉದ್ದದ ಕೋಲು ಹತ್ತು, ಹಳೆ ಹತ್ತಿ ಸೀರೆಯ ಪಟ್ಟಿಗಳು.

ಮೊದಲ ವಾರ ಕೂರುವುದು ಮಾತ್ರ. ಐದೈದು ಮೀಟರ್ ದೂರದಲ್ಲಿ, ಐದು ನಿಮಿಷ, ಪುಸ್ತಕವಿಲ್ಲ, ಕೆಲಸವಿಲ್ಲ. ಮೊದಲೇ ಹದಿನೈದು ನಿಮಿಷ ಎಂದರೆ ಆರನೇ ನಿಮಿಷಕ್ಕೆ ಕಲ್ಲು ಬೀಳತೊಡಗುತ್ತದೆ. ಎರಡನೇ ವಾರ ಎಂಟು, ಮೂರನೇ ವಾರ ಹನ್ನೆರಡು, ಆಮೇಲೆ ಹದಿನೈದಕ್ಕೆ ನಿಲ್ಲಿಸಿ. ಪ್ರತಿ ವಾರವೂ ಆರಂಭ ಇದರಿಂದಲೇ.

ಎರಡನೇ ವಾರ ಶಬ್ದದ ನಕ್ಷೆ: ರಟ್ಟಿನ ನಡುವೆ ತನ್ನ ಗುರುತು, ಕೇಳಿದ ಸದ್ದಿನ ದಿಕ್ಕು, ದೂರಕ್ಕೆ ತಕ್ಕಂತೆ ಸುತ್ತ ಗುರುತು. ಬೈಕ್, ಮಿಕ್ಸರ್ ಸದ್ದೂ ಹಾಕಲಿ. "ಅದು ಪ್ರಕೃತಿ ಅಲ್ಲ" ಎಂದು ತಿದ್ದಿದರೆ ಮುಂದಿನ ವಾರ ಎಲ್ಲರ ನಕ್ಷೆಯಲ್ಲೂ ಇಲ್ಲದ ಕೋಗಿಲೆ ಕೂಗುತ್ತದೆ.

ಮೂರನೇ ವಾರ ಪ್ರತಿಯೊಬ್ಬರಿಗೂ ಒಂದು ಮರ. ಗುರುತಿಗೆ ಮೊಳೆ ಬೇಡ, ಬಟ್ಟೆ ಪಟ್ಟಿ ಸಡಿಲವಾಗಿ ಕಟ್ಟಲಿ. ನೆಲದಿಂದ 137 ಸೆಂ.ಮೀ. ಎತ್ತರದಲ್ಲಿ ಸುತ್ತಳತೆ, ಇಳಿಜಾರಾದರೆ ಮೇಲಿನ ಬದಿಯಿಂದ ಅಳೆಯಬೇಕು. ಇಬ್ಬರು ಬೇರೆ ಬೇರೆ ಅಳೆದು ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಟೇಪು ಓರೆಯಾಗಿದೆ ಎಂದರ್ಥ. ಅಲ್ಲಿಂದ ವಾರವಾರ ಚಿಗುರು, ಹೂ, ಕಾಯಿ, ಹಣ್ಣು: ಇಲ್ಲ, ಮೂರನೇ ಒಂದಕ್ಕಿಂತ ಕಡಿಮೆ, ಅದಕ್ಕಿಂತ ಹೆಚ್ಚು. ಮರದ ಹೆಸರು ಗೊತ್ತಿಲ್ಲದಿದ್ದರೆ ಮನೆಯಲ್ಲಿ ಕೇಳಿ ಬರಲಿ, ಕೂಡಲೇ ಹೇಳಿಬಿಡಬೇಡಿ.

ನಾಲ್ಕನೇ ವಾರ ಹಗ್ಗದ ಚೌಕ. ಗಂಟಿಗೆ ಗೂಟ ನೆಟ್ಟರೆ ಒಂದು ಚದರ ಮೀಟರ್. ಘಟ್ಟದ ಮೇಲೆ ನೆಲದ ಮೇಲಿನ ಎಲೆ, ಇರುವೆ, ಮೊಳಕೆ. ಕರಾವಳಿಯಲ್ಲಿ ಏಡಿ ಬಿಲ, ಕಾಂಡ್ಲಾದ ಉಸಿರುಬೇರು. ಬಿಲ ಹೆಚ್ಚಿರುವ ಕಡೆಗೇ ಮಕ್ಕಳು ಚೌಕ ಹಾಕುತ್ತಾರೆ, ಆದ್ದರಿಂದ "ದಂಡೆಯಿಂದ ಐದು, ಹತ್ತು, ಹದಿನೈದು ಹೆಜ್ಜೆ" ಎಂದು ಮೊದಲೇ ನಿಗದಿ ಮಾಡಿ. ಪೆನ್ಸಿಲಿಗಿಂತ ದಪ್ಪದ ಬಿಲ ಮಾತ್ರ ಎಣಿಕೆಗೆ. ಏಡಿಯನ್ನೇ ನೋಡಬೇಕಾದರೆ ಎರಡು ಮೀಟರ್ ದೂರ ನಾಲ್ಕೈದು ನಿಮಿಷ ಅಲುಗಾಡದೆ ಕೂರಬೇಕು. ಇಳಿತಕ್ಕೆ ಒಂದು ತಾಸು ಮುಂಚೆ ಇಳಿಯಿರಿ, ಇಳಿತವಾಗಿ ಅರ್ಧ ತಾಸಿನೊಳಗೆ ಮೇಲೆ ಬನ್ನಿ. ಚಪ್ಪಲಿ ಕೆಸರಲ್ಲಿ ಉಳಿಯುತ್ತದೆ, ಬರಿಗಾಲು ಕಲುವದ (ಕಲ್ಲಿಗಂಟಿ ಬೆಳೆಯುವ ಸಿಂಪಿ) ಚಿಪ್ಪಿಗೆ ಕೊಯ್ಯುತ್ತದೆ. ಲೇಸು ಕಟ್ಟುವ ಕ್ಯಾನ್ವಾಸ್ ಬೂಟು ಹಾಕಿ. ಜಾಗ ಕಾರವಾರದ ಸುತ್ತಲಿನದಾದರೆ ಕೋಡಿಬಾಗದ ಸಾಗರ ಜೀವವಿಜ್ಞಾನ ವಿಭಾಗ, ಶಿರಸಿಯದಾದರೆ ಅರಣ್ಯ ಮಹಾವಿದ್ಯಾಲಯ, ಜೀವಿಗಳನ್ನು ಗುರುತಿಸುವ ಪ್ರಶ್ನೆಗಳಿಗೆ ಹತ್ತಿರದ ಬಾಗಿಲುಗಳು.

ಐದನೇ ವಾರ ಹಿರಿಯರನ್ನು ಜಾಗಕ್ಕೇ ಕರೆತನ್ನಿ. ಗಜನಿಯಲ್ಲಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ) ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆದವರು, ಬಳಚು ಆರಿಸುವ ಅಮ್ಮಂದಿರು, ಘಟ್ಟದ ಮೇಲಾದರೆ 1983ರಲ್ಲಿ ಶಿರಸಿಯ ಸಾಲ್ಕಣಿ ಸೀಮೆಯಲ್ಲಿ ಮರ ಕಡಿಯುವುದನ್ನು ತಡೆಯಲು ಅಪ್ಪಿಕೋ ಎಂದು ಮರ ತಬ್ಬಿದವರ ಪೈಕಿ ಯಾರಾದರೂ ಊರಲ್ಲಿದ್ದರೆ ಅವರು. ಭಾಷಣ ಬೇಡ. ಮಕ್ಕಳು ಮೂರು ಪ್ರಶ್ನೆ ಬರೆದಿಟ್ಟುಕೊಂಡಿರಲಿ, ಅದರಲ್ಲೊಂದು "ಮೊದಲು ಇಲ್ಲಿ ಇತ್ತು, ಈಗ ಇಲ್ಲ, ಅಂಥದ್ದು ಯಾವುದು?" ಮನೆಯ ಕೆಲಸವನ್ನು ಶಾಲೆ ವಿದ್ಯೆ ಎಂದು ಒಪ್ಪುವುದನ್ನು ಬಳಚಿನ ಮನೆಯ ಮಗು ಬಹುಶಃ ಮೊದಲ ಸಲ ನೋಡುವುದು ಇಲ್ಲೇ. ಎಂಟು ವಾರದಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ಇದನ್ನು ಉಳಿಸಿಕೊಳ್ಳಿ.

ಆರನೇ ವಾರ ಚಿತ್ರ, ನಾಲ್ಕು ಸಾಲು ಬರಹ, ಬಹುಮಾನ ಇಡಬೇಡಿ. ಏಳನೇ ವಾರ ಜಾಗಕ್ಕೊಂದು ಸಣ್ಣ ಉಪಕಾರ, ಮಕ್ಕಳೇ ಆರಿಸಿದ್ದು: ಮರಕ್ಕೆ ಹೊಡೆದ ಹಳೆ ಮೊಳೆ ತೆಗೆಯುವುದು, ದಂಡೆಗೆ ಬಂದ ಬಲೆ ಚೂರು ಹೆಕ್ಕುವುದು. ಕಡಲಾಮೆ ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದು ಎಂದು ಮೊದಲೇ ಹೇಳಿರಿ. ಎಂಟನೇ ವಾರ ಮತ್ತೆ ಬರೀ ಕೂರುವುದು. ಅಂದು ಜಾಗದಲ್ಲಿ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಒಂದು ನೋಟ್‌ಬುಕ್ ಇಟ್ಟು ಬನ್ನಿ: ಬಂದವರು ತಾರೀಕು, ಕಂಡದ್ದು ಬರೆಯಬಹುದು, ಬರೆಯದೆಯೂ ಇರಬಹುದು. ಯಾರೂ ಹೇಳದೆ ಎಷ್ಟು ಸಲ ಮಕ್ಕಳು ಹಿಂತಿರುಗಿದರು ಎಂಬುದಕ್ಕೆ ಯಾವ ಲೋಟದ ಚಿತ್ರಕ್ಕಿಂತಲೂ ಆ ನೋಟ್‌ಬುಕ್ ನಂಬಿಗಸ್ತ ಸಾಕ್ಷಿ.

ಹಂತ 7: ಲೆಕ್ಕ

ಲಿಬ್ರೆ ಆಫೀಸಿನ ಹಾಳೆ ಸಾಕು. ಸಾಲಿಗೊಂದು ಮಗು, ಕಂಬಗಳಲ್ಲಿ ಸಂಖ್ಯೆ, ಶಾಲೆ, ಮೂರು ಅಳತೆ. ಆರು ವಾಕ್ಯದಲ್ಲಿ ಒಂದು ಬಿಟ್ಟಿದ್ದರೆ ಉಳಿದ ಐದರ ಸರಾಸರಿ ತೆಗೆದುಕೊಳ್ಳಿ, ಎರಡು ಬಿಟ್ಟಿದ್ದರೆ ಆ ಅಳತೆಯನ್ನು ಕೈಬಿಡಿ. ಪ್ರತಿ ಮಗುವಿನ ವ್ಯತ್ಯಾಸ ಮೊದಲು. ಆಮೇಲೆ ಎರಡು ಗುಂಪಿನ ವ್ಯತ್ಯಾಸಗಳನ್ನು ಟಿ-ಪರೀಕ್ಷೆಯಲ್ಲಿ (ಎರಡು ಸರಾಸರಿಗಳ ಅಂತರ ಆಕಸ್ಮಿಕವೇ ಎಂದು ನೋಡುವ ಲೆಕ್ಕ) ಹೋಲಿಸಿ. ಕಾರ್ಯಕ್ರಮದ ಶಾಲೆ 0.4 ಏರಿ, ಹೋಲಿಕೆಯ ಶಾಲೆಯೂ 0.3 ಏರಿದ್ದರೆ ನಿಮ್ಮ ಪಾಲು 0.1 ಮಾತ್ರ, ಉಳಿದದ್ದು ಮಳೆ ಬಿಟ್ಟು ಹೊರಗೆ ಬಿಸಿಲು ಬಂದದ್ದರಿಂದಲೂ ಇರಬಹುದು.

ಸರಾಸರಿಯ ಜೊತೆ ಪ್ರತಿ ಮಗುವಿಗೆ ಒಂದು ಗೆರೆ ಎಳೆದ ನಕ್ಷೆಯನ್ನೂ ಹಾಕಿ. ಮೊದಲೇ ತುಂಬಿದ ಲೋಟ ತೋರಿಸಿದವರು ಕೆಳಗಿಳಿದಿರುತ್ತಾರೆ. ಅದು ಸೋಲೇ ಆಗಬೇಕಿಲ್ಲ: ತುದಿಯ ಅಂಕಗಳು ಎರಡನೇ ಸಲ ನಡುವಿಗೆ ಸರಿಯುವುದು ಎಲ್ಲ ಅಳತೆಯಲ್ಲೂ ಇದ್ದದ್ದೇ, ಜೊತೆಗೆ ಪ್ರಶ್ನೆಯನ್ನು ಮಗು ಈಗ ಹೆಚ್ಚು ಯೋಚಿಸಿ ಉತ್ತರಿಸಿರಬಹುದು. ಅಂಥ ಐದಾರು ಮಕ್ಕಳ ಹತ್ತಿರ ಕೂತು ಮಾತಾಡಿ, ಅವರ ಮಾತನ್ನು ಅವರದೇ ನುಡಿಯಲ್ಲಿ ಬರೆದುಕೊಳ್ಳಿ. ಬದಲಾವಣೆ ಕಾಣದಿದ್ದರೆ ಹಾಗೆಂದೇ ಬರೆಯಿರಿ, ಎಷ್ಟು ತಿರುಗಾಟ ಮಳೆಗೆ ತಪ್ಪಿತು ಎಂಬುದನ್ನೂ ಸೇರಿಸಿ.

ಮೂರನೇ ಅಳತೆ ಮುಗಿದ ಮೇಲೆ ಎರಡು ಪುಟದ ಕನ್ನಡ ವರದಿಯನ್ನು ಪಾಲಕರ ಸಭೆಯಲ್ಲಿ ಓದಿ. ಸುತ್ತಳತೆ, ಹೂಕಾಯಿಯ ದಾಖಲೆ, ತಗಡಿನ ಡಬ್ಬಿಯ ನೋಟ್‌ಬುಕ್ ಶಾಲೆಯಲ್ಲೇ ಉಳಿಯಲಿ. ಮುಂದಿನ ಸೆಪ್ಟೆಂಬರ್‌ಗೆ ಹೋಲಿಕೆಯ ಶಾಲೆಯ ಸರದಿ. ಹಗ್ಗ, ಟೇಪು, ಕೋಲುಗಳನ್ನು ಜೂನ್‌ನಲ್ಲೇ ಅಲ್ಲಿಗೆ ಕಳಿಸಿಬಿಡಿ.